ಮ್ಯಾಸಿಡೋನಿಯಾ ಯಾರದ್ದು? ಗ್ರೀಸ್, ಸ್ಕೋಪ್ಯೆ, ಬಲ್ಗೇರಿಯಾ ಜಗಳದ ಬಗ್ಗೆ ಮಾತಾಡೋಣ

ತುಂಗಾತೀರ (ತೀರ್ಥಹಳ್ಳಿ)

ಒಂದು ದೇಶ ಸ್ವತಂತ್ರವಾದ ಮೇಲೆ ತನ್ನ ಹೆಸರಿಗೆ ಪಕ್ಕದ ದೇಶದ ಒಪ್ಪಿಗೆ ಪಡೆಯೋಕೆ 27 ವರ್ಷ ಕಾಯಬೇಕಾಯಿತು. ಕೊನೆಗೆ ಒಪ್ಪಿಗೆ ಸಿಕ್ಕಿದ್ದೂ ಹೆಸರು ಬದಲಾಯಿಸಿಕೊಂಡ ಮೇಲೆಯೇ. ಈಗಿನ ಉತ್ತರ ಮ್ಯಾಸಿಡೋನಿಯಾದ (ರಾಜಧಾನಿ ಸ್ಕೋಪ್ಯೆ) ಕಥೆ ಇದು. ನಮ್ಮ ಓದುಗರ ಬಳಗದಲ್ಲಿ ಈ ವಿಷಯ ಬಂದಾಗ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಮುಂದುವರಿಸೋಣ ಅಂತ ಬರೆಯುತ್ತಿದ್ದೇನೆ.

ಮ್ಯಾಸಿಡೋನಿಯಾ ಅನ್ನೋದು ಒಂದು ದೊಡ್ಡ ಸೀಮೆಯ ಹೆಸರು. ನಾವು ಮಲೆನಾಡು ಅಂತೀವಲ್ಲ, ಹಾಗೆ. ಐನೂರು ವರ್ಷಕ್ಕೂ ಜಾಸ್ತಿ ಕಾಲ ಅದು ಒಟ್ಟೊಮನ್ ತುರ್ಕರ ಕೈಯಲ್ಲಿತ್ತು. 1912–13ರ ಬಾಲ್ಕನ್ ಯುದ್ಧಗಳಲ್ಲಿ ತುರ್ಕರು ಸೋತರು. ಗೆದ್ದವರು ಆ ಸೀಮೆಯನ್ನು ಹಂಚಿಕೊಂಡರು. ಸುಮಾರು ಅರ್ಧ ಗ್ರೀಸಿಗೆ ಹೋಯಿತು. ಐದರಲ್ಲಿ ಎರಡು ಪಾಲಿನಷ್ಟು ಸರ್ಬಿಯಾಕ್ಕೆ, ಹತ್ತನೇ ಒಂದು ಭಾಗ ಬಲ್ಗೇರಿಯಾಕ್ಕೆ. ಸರ್ಬಿಯಾದ ಪಾಲು ಮುಂದೆ ಯುಗೊಸ್ಲಾವಿಯಾದ ಒಂದು ಗಣರಾಜ್ಯವಾಯಿತು. 1991ರ ಸೆಪ್ಟೆಂಬರ್ 8ರಂದು ಅಲ್ಲಿನ ಜನ ಮತ ಹಾಕಿ ಸ್ವತಂತ್ರರಾದರು. ದೇಶಕ್ಕೆ 'ಮ್ಯಾಸಿಡೋನಿಯಾ ಗಣರಾಜ್ಯ' ಅಂತಲೇ ಹೆಸರಿಟ್ಟುಕೊಂಡರು.

ಅಲ್ಲಿಂದ ಗ್ರೀಸ್ ಜತೆ ಜಗಳ ಶುರು. 1993ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಗೆ ಸೇರಿಸಿಕೊಂಡರು, ಆದರೆ 'ಹಿಂದಿನ ಯುಗೊಸ್ಲಾವಿಯಾದ ಮ್ಯಾಸಿಡೋನಿಯಾ ಗಣರಾಜ್ಯ' ಅನ್ನೋ ತಾತ್ಕಾಲಿಕ ಹೆಸರಿನಲ್ಲಿ. ಸಭೆಯಲ್ಲಿ ಎಲ್ಲಿ ಕೂರಿಸೋದು ಅನ್ನೋದೂ ತಂಟೆಯಾಯಿತು. ಇಂಗ್ಲಿಷ್ ಅಕ್ಷರಕ್ರಮದ 'ಎಂ' ಸಾಲಿಗೆ ಗ್ರೀಸ್ ಒಪ್ಪಲಿಲ್ಲ. 'ಹಿಂದಿನ' ಅಂದರೆ ಇಂಗ್ಲಿಷಿನಲ್ಲಿ 'ಫಾರ್ಮರ್', ಆ 'ಎಫ್' ಸಾಲಿಗೆ ಆ ದೇಶವೇ ಒಪ್ಪಲಿಲ್ಲ. ಕೊನೆಗೆ ಇಂಗ್ಲಿಷ್ ಹೆಸರಿನ ಮೊದಲಿನ 'ದಿ' ಅನ್ನೋ ಪದ ಹಿಡಿದು 'ಟಿ' ಸಾಲಿನಲ್ಲಿ ಥಾಯ್ಲೆಂಡ್ ಪಕ್ಕ ಜಾಗ ಕೊಟ್ಟರು. ಸದಸ್ಯ ದೇಶ ಅನ್ನಿಸಿಕೊಂಡರೂ 1995ರವರೆಗೆ ಅವರ ಬಾವುಟ ಅಲ್ಲಿ ಹಾರಲಿಲ್ಲ. 20 ಲಕ್ಷ ಜನರ ಒಂದು ದೇಶವನ್ನು ಹೀಗೆ ನಡೆಸಿಕೊಂಡದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇತಿಹಾಸ ಹಂಚಿಕೊಂಡಿರುವ ಇಬ್ಬರಲ್ಲಿ ಹೆಸರು ಯಾರಿಗೆ ಸೇರಬೇಕು? ಗ್ರೀಸ್ ಜತೆಗಿನ ಜಗಳ ಹೇಗೋ ಮುಗಿಯಿತು. ಬಲ್ಗೇರಿಯಾ ಜತೆಗಿನದು ಯಾಕೆ ಮುಗಿಯುತ್ತಿಲ್ಲ?

ಅಡಿಕೆತೋಟ (ಸಾಗರ)

ಇದರಲ್ಲಿ ಯೋಚಿಸೋದು ಏನಿದೆ? ದೊಡ್ಡವರು ಸಣ್ಣವರನ್ನು ಹೆದರಿಸಿದರು, ಅಷ್ಟೇ. ಗ್ರೀಸ್ ಆಗಲೇ ಐರೋಪ್ಯ ಒಕ್ಕೂಟದಲ್ಲಿತ್ತು, ನ್ಯಾಟೊದಲ್ಲಿತ್ತು. ಹೊಸ ದೇಶಕ್ಕೆ ಸಮುದ್ರವೇ ಇಲ್ಲ. 1994ರ ಫೆಬ್ರವರಿಯಲ್ಲಿ ಗ್ರೀಸ್ ಥೆಸಲೋನಿಕಿ ಬಂದರಿನ ದಾರಿ ಮುಚ್ಚಿತು. ಆ ಹೊತ್ತಿಗೆ ಉತ್ತರದಲ್ಲಿ ಸರ್ಬಿಯಾದ ಮೇಲೂ ವಿಶ್ವಸಂಸ್ಥೆಯ ನಿರ್ಬಂಧ ಇತ್ತು. ಎರಡೂ ಕಡೆ ಬಾಗಿಲು ಹಾಕಿದರೆ ಜನ ಏನು ಮಾಡಬೇಕು? ಪೆಟ್ರೋಲ್ ಬರಬೇಕು, ಔಷಧಿ ಬರಬೇಕು, ಬೆಳೆದದ್ದನ್ನು ಮಾರಬೇಕು. ಹೆಸರಿನ ವಿಷಯಕ್ಕೆ ಹೊಟ್ಟೆಗೆ ಹೊಡೆಯೋದು ತಪ್ಪು. ಗ್ರೀಸಿಗೆ ಎಂಥಾ ನೋವಿದ್ದರೂ ತಪ್ಪೇ.

ಕೊಡಚಾದ್ರಿ (ಹೊಸನಗರ)

ದಾರಿ ಮುಚ್ಚಿದ್ದು ತಪ್ಪು, ಅದಕ್ಕೆ ನನ್ನದೂ ಒಪ್ಪಿಗೆ ಇದೆ. ಆದರೆ ಗ್ರೀಕರ ಕಡೆಯ ಮಾತು ಪೂರ್ತಿ ಕೇಳದೆ ತೀರ್ಪು ಕೊಡಬೇಡಿ.

ಗ್ರೀಸಿನ ಉತ್ತರ ಭಾಗದ ಹೆಸರೇ ಮ್ಯಾಸಿಡೋನಿಯಾ. ಥೆಸಲೋನಿಕಿ ಅದರ ದೊಡ್ಡ ನಗರ. ಅಲ್ಲಿನ ವಿಮಾನ ನಿಲ್ದಾಣದ ಹೆಸರೂ ಮ್ಯಾಸಿಡೋನಿಯಾ. ಅಲ್ಲಿನ ಲಕ್ಷಾಂತರ ಗ್ರೀಕರು ತಮ್ಮನ್ನು ಮ್ಯಾಸಿಡೋನಿಯದವರು ಅಂತಲೇ ಕರೆದುಕೊಳ್ಳುತ್ತಾರೆ. ಅಲೆಕ್ಸಾಂಡರ್ ಹುಟ್ಟಿದ ಪೆಲ್ಲಾ, ಅವನ ತಂದೆ ಫಿಲಿಪ್ ಕೊಲೆಯಾದ ಐಗೈ, ಎರಡೂ ಇವತ್ತಿನ ಗ್ರೀಸಿನಲ್ಲಿವೆ. ಐಗೈ ಅಂದರೆ ಈಗಿನ ವೆರ್ಗಿನಾ. 1977ರಲ್ಲಿ ಪುರಾತತ್ವಜ್ಞ ಮನೋಲಿಸ್ ಆಂದ್ರೋನಿಕೊಸ್ ಅಲ್ಲಿ ರಾಜರ ಗೋರಿಗಳನ್ನು ಅಗೆದು ತೆಗೆದರು. ಒಂದರಲ್ಲಿ ಚಿನ್ನದ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ 16 ಕಿರಣಗಳ ಸೂರ್ಯ, ಒಳಗೆ ಸುಟ್ಟ ಮೂಳೆಗಳು. ಗ್ರೀಕರು ಅದನ್ನು ನೋಡಿ ಎಷ್ಟು ಹೆಮ್ಮೆಪಟ್ಟಿರಬೇಕು! ಹದಿನೈದು ವರ್ಷದ ನಂತರ, 1992ರಲ್ಲಿ, ಸ್ಕೋಪ್ಯೆಯವರು ಅದೇ ಸೂರ್ಯನನ್ನು ಕೆಂಪು ಬಟ್ಟೆಯ ಮೇಲೆ ಹಾಕಿ ತಮ್ಮ ರಾಷ್ಟ್ರಧ್ವಜ ಮಾಡಿಕೊಂಡರು. ಆ ಪೆಟ್ಟಿಗೆ ಸಿಕ್ಕ ಊರು ಅವರ ಗಡಿಯೊಳಗೆ ಇರಲೇ ಇಲ್ಲ.

ಇನ್ನೊಂದು ಭಯವೂ ಇತ್ತು. 1946ರಿಂದ 1949ರವರೆಗೆ ಗ್ರೀಸಿನಲ್ಲಿ ಅಂತರ್ಯುದ್ಧ ನಡೆಯಿತು. ಟಿಟೊ ಅವರ ಯುಗೊಸ್ಲಾವಿಯಾ ಬಂಡುಕೋರರಿಗೆ ನೆರವು ಕೊಟ್ಟಿತು. ಇಡೀ ಮ್ಯಾಸಿಡೋನಿಯಾವನ್ನು ಒಂದು ಮಾಡುವ ಮಾತು ಆಗ ಗಂಭೀರವಾಗಿಯೇ ನಡೆದಿತ್ತು. ಅದನ್ನು ಕಂಡ ತಲೆಮಾರು 1991ರಲ್ಲಿ ಇನ್ನೂ ಬದುಕಿತ್ತು. ಹೊಸ ದೇಶದ ಸಂವಿಧಾನದಲ್ಲಿ ಪಕ್ಕದ ದೇಶಗಳಲ್ಲಿರುವ ಮ್ಯಾಸಿಡೋನಿಯನ್ನರ ಕಾಳಜಿ ವಹಿಸುತ್ತೇವೆ ಅನ್ನುವ ವಿಧಿ ಇತ್ತು. ಅದನ್ನು ಓದಿದಾಗ ಅವರಿಗೆ ಹಳೆಯದೆಲ್ಲ ನೆನಪಾಯಿತು. ಮರು ವರ್ಷವೇ ಹೊಸ ದೇಶ ತಿದ್ದುಪಡಿ ತಂದು, ಯಾರ ನೆಲದ ಮೇಲೂ ನಮಗೆ ಹಕ್ಕಿಲ್ಲ ಅಂತ ಬರೆಯಿತು. ಆದರೆ ಹೋದ ನಂಬಿಕೆ ಬೇಗ ಬರುವುದಿಲ್ಲ.

ಶಾಸನಪ್ರಿಯೆ (ಶಿಕಾರಿಪುರ)

ಗ್ರೀಕ್ ಮ್ಯಾಸಿಡೋನಿಯಾದಲ್ಲಿ ಇರುವ ಎಲ್ಲರೂ ಅಲೆಕ್ಸಾಂಡರ್ ಕಾಲದಿಂದ ಅಲ್ಲೇ ಇದ್ದವರಲ್ಲ ಅನ್ನೋದನ್ನೂ ಸೇರಿಸಿ. 1923ರಲ್ಲಿ ತುರ್ಕಿ ಮತ್ತು ಗ್ರೀಸ್ ಜನರನ್ನು ಅದಲುಬದಲು ಮಾಡಿಕೊಂಡವು. ಏಷ್ಯಾ ಮೈನರ್‌ನಿಂದ ಮನೆಮಠ ಬಿಟ್ಟು ಬಂದ ಗ್ರೀಕರಲ್ಲಿ ಬಹಳ ಜನ ಇದೇ ಉತ್ತರ ಭಾಗದಲ್ಲಿ ನೆಲೆ ನಿಂತರು. ಎಲ್ಲ ಕಳೆದುಕೊಂಡು ಬಂದವರಿಗೆ ಹೊಸ ಊರಿನ ಹೆಸರೇ ಆಸರೆಯಾಯಿತು. ಅವರ ಮೊಮ್ಮಕ್ಕಳು ಇವತ್ತು ಆ ಹೆಸರಿಗಾಗಿ ಬೀದಿಗಿಳಿದರೆ ಅದು ನಾಟಕ ಅಲ್ಲ.

ಹಾಗೇ, ಅದೇ ನೆಲದಲ್ಲಿ ಸ್ಲಾವ್ ಭಾಷೆ ಆಡುವವರೂ ಇದ್ದರು. 1936ರಲ್ಲಿ ಅಧಿಕಾರ ಹಿಡಿದ ಮೆಟಾಕ್ಸಾಸ್ ಸರ್ಕಾರ ಆ ಭಾಷೆ ಮಾತಾಡುವುದನ್ನೇ ನಿಷೇಧಿಸಿತು. ಅದಕ್ಕೂ ಮೊದಲೇ ಅವರ ಹಳ್ಳಿಗಳ ಹೆಸರುಗಳನ್ನು ಗ್ರೀಕ್ ಹೆಸರುಗಳಾಗಿ ಬದಲಾಯಿಸಿದ್ದರು. ಅಂತರ್ಯುದ್ಧದ ಕೊನೆಗೆ ಸಾವಿರಾರು ಜನ ಗಡಿ ದಾಟಿ ಓಡಿಹೋದರು. ಅವರಲ್ಲಿ ಮಕ್ಕಳೂ ಇದ್ದರು. 1982ರಲ್ಲಿ ನಿರಾಶ್ರಿತರು ವಾಪಸ್ ಬರಬಹುದು ಅಂತ ಗ್ರೀಸ್ ಹೇಳಿತು. ಆದರೆ ಗ್ರೀಕ್ ಮೂಲದವರಿಗೆ ಮಾತ್ರ. ತಾಯಿ ಬಿಟ್ಟುಬಂದ ಮನೆಯನ್ನು ನೋಡಲೂ ಆಗದ ಆ ಮಕ್ಕಳಿಗೆ ಮ್ಯಾಸಿಡೋನಿಯಾ ಅನ್ನೋ ಹೆಸರು ಬಿಡಿ ಅಂದರೆ ಹೇಗೆ ಬಿಡುತ್ತಾರೆ?

ಎರಡು ಕಡೆಯಲ್ಲೂ ಊರು ಕಳೆದುಕೊಂಡವರ ಮಕ್ಕಳೇ ಈ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ನನಗೆ ಈ ಇಡೀ ಜಗಳದಲ್ಲಿ ಹೆಚ್ಚು ತಟ್ಟಿದ್ದು ಇದೇ.

ಕಾಫಿಗಿಡ (ಕೊಪ್ಪ)

ನಮ್ಮಲ್ಲೂ ಹಂಚಿಹೋದ ಇತಿಹಾಸ ಬೇಕಾದಷ್ಟಿದೆ. ನಾವು ಹೀಗೆ ಕಿತ್ತಾಡಲ್ಲ ಅಲ್ವಾ? ಯಾಕೆ ಅಂತ ಯಾರಾದರೂ ಹೇಳಿ.

ಶಾಸನಪ್ರಿಯೆ (ಶಿಕಾರಿಪುರ)

ನಮ್ಮ ತಾಲ್ಲೂಕಿನ ತಾಳಗುಂದವನ್ನೇ ತಗೊಳ್ಳಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ಕಲ್ಲಿನ ಕಂಬ ಇದೆ. ಅದರ ಮೇಲೆ ಐದನೇ ಶತಮಾನದ ಸಂಸ್ಕೃತ ಶಾಸನ, ಬರೆದ ಕವಿ ಕುಬ್ಜ. ಕಂಬಕ್ಕೆ ಮುಖ ಹತ್ತಿರ ಇಟ್ಟು ನೋಡಿದರೆ ಅಕ್ಷರಗಳ ತಲೆಯ ಮೇಲೆ ಸಣ್ಣ ಚೌಕಗಳು ಕಾಣುತ್ತವೆ. ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜತೆ ಜಗಳವಾಗಿ ಕತ್ತಿ ಹಿಡಿದಿದ್ದು, ಎಲ್ಲ ಅದರಲ್ಲಿದೆ. ಕದಂಬರು ಶುರುವಾದದ್ದು ಇಲ್ಲಿಂದ. ರಾಜಧಾನಿ ಬನವಾಸಿ. ಅದೇ ಹೆಸರಿನ ಇನ್ನೊಂದು ಶಾಖೆ ಮುಂದೆ ಗೋವಾ ಆಳಿತು. ಇವತ್ತು ಗೋವಾ ಸರ್ಕಾರದ ಬಸ್ಸುಗಳ ಮೇಲೆ 'ಕದಂಬ' ಅಂತ ಬರೆದಿರುತ್ತದೆ. ಕಾರವಾರದ ನೌಕಾನೆಲೆಗೂ ಕದಂಬದ ಹೆಸರು. ಶಿರಸಿಯವರಾಗಲಿ ನಾವಾಗಲಿ, ನಮ್ಮ ಹೆಸರು ಕದ್ದರು ಅಂತ ಗೋವಾದ ಬಸ್ ತಡೆದಿಲ್ಲ.

ಕೆಳದಿಯದ್ದೂ ಹಾಗೇ. ಸಾಗರದ ಪಕ್ಕದ ಕೆಳದಿಯಿಂದ ಬೆಳೆದ ನಾಯಕರು ಬೇಕಲದಲ್ಲಿ ಕೋಟೆ ಕಟ್ಟಿಸಿದರು. ಈಗ ಅದು ಕೇರಳದಲ್ಲಿದೆ. ಕೇರಳಕ್ಕೆ ಹೋದ ಪ್ರವಾಸಿಗರಿಗೆ ಅದನ್ನು ಅಲ್ಲಿನವರೇ ಪ್ರೀತಿಯಿಂದ ತೋರಿಸುತ್ತಾರೆ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳು. ಆ ಕಥೆ ನಮಗೂ ಬೇಕು, ಮರಾಠಿಗರಿಗೂ ಬೇಕು.

ತುಂಗಾತೀರ (ತೀರ್ಥಹಳ್ಳಿ)

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಹಂತದವರೆಗೆ ಮಾತ್ರ. ಗೋವಾ, ಕೇರಳ, ನಾವು, ಎಲ್ಲರೂ ಒಂದೇ ಸಂವಿಧಾನದ ಒಳಗಿದ್ದೇವೆ. ಗೋವಾದ ಬಸ್ಸಿನ ಮೇಲೆ ಏನೇ ಬರೆದರೂ ಶಿಕಾರಿಪುರದ ನೆಲ ಯಾರ ಕೈಗೂ ಹೋಗಲ್ಲ. ಭಯ ಇಲ್ಲದ ಕಡೆ ಉದಾರವಾಗಿರೋದು ಸುಲಭ. ಗ್ರೀಸಿಗೆ ಆ ನೆಮ್ಮದಿ ಇರಲಿಲ್ಲ.

ಇದಕ್ಕಿಂತ ಹತ್ತಿರದ ಹೋಲಿಕೆ ನಮ್ಮ ರಾಜ್ಯದ ಹೆಸರಿನಲ್ಲೇ ಇದೆ. 1956ರಲ್ಲಿ ಕನ್ನಡ ಸೀಮೆಗಳೆಲ್ಲ ಒಂದಾದಾಗ ಇಡೀ ರಾಜ್ಯಕ್ಕೆ ಮೈಸೂರು ಅನ್ನೋ ಹೆಸರೇ ಉಳಿಯಿತು. ಧಾರವಾಡದವರಿಗೆ, ಕಲಬುರ್ಗಿಯವರಿಗೆ ಅದು ತಮ್ಮದಲ್ಲದ ಹೆಸರು. ಒಂದು ಭಾಗದ ಹೆಸರನ್ನು ಇಡೀ ಮನೆಗೆ ಇಟ್ಟರೆ ಉಳಿದವರಿಗೆ ಹೊರಗಿನವರ ಹಾಗೆ ಅನ್ನಿಸುತ್ತದೆ. ನಮ್ಮ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಹಳೇ ಮೈಸೂರು ಕಡೆಯವರೇ ಆಗಿದ್ದರೂ ಕರ್ನಾಟಕ ಅನ್ನೋ ಹೆಸರು ಬೇಕು ಅಂತ ಪಟ್ಟು ಹಿಡಿದರು. 1972ರಲ್ಲಿ ಅವರು ತೀರಿಕೊಂಡರು. 1973ರ ನವೆಂಬರ್ 1ರಂದು ದೇವರಾಜ ಅರಸರ ಕಾಲದಲ್ಲಿ ಹೆಸರು ಬದಲಾಯಿತು. ಅವರು ನೋಡಲು ಇರಲಿಲ್ಲ ಅನ್ನೋದು ಈಗಲೂ ನನಗೆ ಬೇಜಾರಿನ ಸಂಗತಿ.

ಮ್ಯಾಸಿಡೋನಿಯಾದಲ್ಲಿ ಇದು ತಿರುವುಮುರುವು. ಅಲ್ಲಿ ಒಂದು ಭಾಗ ಇಡೀ ಸೀಮೆಯ ಹೆಸರನ್ನು ತಾನೊಬ್ಬನೇ ಇಟ್ಟುಕೊಂಡಿತು. ಉಳಿದ ಭಾಗದವರು, ಹಾಗಾದರೆ ನಾವು ಯಾರು ಅಂತ ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯ ಇದೆ.

ಅಡಿಕೆತೋಟ (ಸಾಗರ)

ನ್ಯಾಯ ಇದ್ದರೆ ಅದಕ್ಕೊಂದು ಕ್ರಮ ಬೇಡವಾ? 1995ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರೂ ಮಧ್ಯಂತರ ಒಪ್ಪಂದ ಮಾಡಿಕೊಂಡರು. ಸಣ್ಣ ದೇಶ ಬಾವುಟದಿಂದ ವೆರ್ಗಿನಾ ಸೂರ್ಯನನ್ನು ತೆಗೆಯಿತು. 8 ಕಿರಣದ ಬೇರೆ ಸೂರ್ಯನನ್ನು ಹಾಕಿಕೊಂಡಿತು. ಗ್ರೀಸ್ ದಾರಿ ಬಿಟ್ಟಿತು. ತಾತ್ಕಾಲಿಕ ಹೆಸರಿನಲ್ಲಿ ಅವರು ಯಾವ ಸಂಸ್ಥೆಗೆ ಸೇರಿದರೂ ಅಡ್ಡಿ ಮಾಡಲ್ಲ ಅಂತ ಮಾತು ಕೊಟ್ಟಿತು. 2008ರಲ್ಲಿ ಬುಕಾರೆಸ್ಟ್‌ನ ನ್ಯಾಟೊ ಸಭೆಯಲ್ಲಿ ಏನು ಮಾಡಿತು? ಅಡ್ಡ ಹಾಕಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2011ರ ಡಿಸೆಂಬರ್ 5ರಂದು ಗ್ರೀಸ್ ಒಪ್ಪಂದ ಮುರಿದಿದೆ ಅಂತ ತೀರ್ಪು ಕೊಟ್ಟಿತು. 15 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆದರೂ ನ್ಯಾಟೊ ಬಾಗಿಲು ತೆಗೆಯಲಿಲ್ಲ. ಸಣ್ಣವರ ಕೈಗೆ ಸಿಕ್ಕ ನ್ಯಾಯ ಕಾಗದದ ಮೇಲೆ ಉಳಿಯಿತು.

ಕೊಡಚಾದ್ರಿ (ಹೊಸನಗರ)

ತೀರ್ಪು ಸರಿಯಾಗಿಯೇ ಇತ್ತು. ಆದರೆ ಸ್ಕೋಪ್ಯೆಯವರು ಆ ವರ್ಷಗಳಲ್ಲಿ ಏನು ಮಾಡುತ್ತಿದ್ದರು ಅಂತಲೂ ನೋಡಿ. ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರ್ ಹೆಸರು, ಹೆದ್ದಾರಿಗೂ ಅವನ ಹೆಸರು. 2010ರಲ್ಲಿ ಪ್ರಧಾನಿ ಗ್ರುಯೆವ್ಸ್ಕಿ ಸರ್ಕಾರ 'ಸ್ಕೋಪ್ಯೆ 2014' ಅಂತ ಯೋಜನೆ ಪ್ರಕಟಿಸಿತು. ನಗರದ ನಡುವೆ ಹೊಸ ಕಂಬಗಳ ಕಟ್ಟಡಗಳು, ಲೆಕ್ಕವಿಲ್ಲದಷ್ಟು ಪ್ರತಿಮೆಗಳು. 2011ರಲ್ಲಿ ಚೌಕದ ಮಧ್ಯೆ 20 ಮೀಟರಿಗೂ ಎತ್ತರದ ಕುದುರೆ ಸವಾರನನ್ನು ನಿಲ್ಲಿಸಿದರು. ಅಧಿಕೃತವಾಗಿ ಹೆಸರು 'ಕುದುರೆ ಮೇಲಿನ ಯೋಧ'. ಯಾರು ಅಂತ ಎಲ್ಲರಿಗೂ ಗೊತ್ತು.

1963ರ ಭೂಕಂಪದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ನಗರ ಅದು. ಜಗತ್ತಿನ ಎಷ್ಟೋ ದೇಶಗಳು ಕೈಜೋಡಿಸಿ ಅದನ್ನು ಮತ್ತೆ ಕಟ್ಟಿದವು. ಹೆಮ್ಮೆಪಡೋಕೆ ಆ ಕಥೆಯೇ ಸಾಕಿತ್ತು. ಅದನ್ನು ಬಿಟ್ಟು ಎರಡು ಸಾವಿರದ ಮುನ್ನೂರು ವರ್ಷ ಹಿಂದಿನ ರಾಜನ ಮೇಲೆ ಸಾಲದ ದುಡ್ಡು ಸುರಿದರು. ಇವರ ಪೂರ್ವಜರಾದ ಸ್ಲಾವರು ಬಾಲ್ಕನ್‌ಗೆ ಬಂದದ್ದು ಕ್ರಿ.ಶ. ಆರು–ಏಳನೇ ಶತಮಾನದಲ್ಲಿ. ಅಲೆಕ್ಸಾಂಡರ್ ಸತ್ತದ್ದು ಕ್ರಿ.ಪೂ. 323ರಲ್ಲಿ.

ಪರೀಕ್ಷೆ ತಯಾರಿ (ಶಿವಮೊಗ್ಗ)

ಗ್ರೀಸ್ ಜತೆಗಿನ ಹೆಸರಿನ ಜಗಳ ಮುಗಿಸಿದ ಪ್ರೆಸ್ಪಾ ಒಪ್ಪಂದದಲ್ಲಿ ನಿಜವಾಗಿ ಏನಿದೆ ಅಂತ ಯಾರಾದರೂ ಹೇಳ್ತೀರಾ? ಗೈಡ್‌ಗಳಲ್ಲಿ ಒಂದು ಸಾಲು ಬಿಟ್ಟರೆ ಏನೂ ಇಲ್ಲ.

ತುಂಗಾತೀರ (ತೀರ್ಥಹಳ್ಳಿ)

ಪ್ರೆಸ್ಪಾ ಅನ್ನೋದು ಗ್ರೀಸ್, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ ಮೂರೂ ಹಂಚಿಕೊಂಡಿರುವ ಸರೋವರ. 2018ರ ಜೂನ್ 17ರಂದು ಅದರ ಗ್ರೀಸ್ ದಡದ ಪ್ಸರಾದೆಸ್ ಅನ್ನೋ ಮೀನುಗಾರರ ಹಳ್ಳಿಯಲ್ಲಿ ಸಹಿ ಬಿತ್ತು. ಸ್ಕೋಪ್ಯೆಯ ಪ್ರಧಾನಿ ಜೋರಾನ್ ಜಾಯೆವ್ ದೋಣಿಯಲ್ಲಿ ಸರೋವರ ದಾಟಿ ಬಂದರು. ಗ್ರೀಸಿನ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ದಡದಲ್ಲಿ ಕಾಯುತ್ತಿದ್ದರು. ಸಹಿ ಹಾಕಿದವರು ಇಬ್ಬರು ವಿದೇಶಾಂಗ ಮಂತ್ರಿಗಳು, ನಿಕೋಲಾ ದಿಮಿತ್ರೊವ್ ಮತ್ತು ನಿಕೊಸ್ ಕೋತ್ಸಿಯಾಸ್. ಅವತ್ತು ಅಲ್ಲಿ ಮ್ಯಾಥ್ಯೂ ನಿಮೆಟ್ಜ್ ಅನ್ನೋ ಅಮೆರಿಕನ್ ವಕೀಲರೂ ಇದ್ದರು. 1994ರಿಂದ ಈ ಒಂದೇ ಜಗಳದ ಹಿಂದೆ ಬಿದ್ದಿದ್ದ ಮಧ್ಯಸ್ಥಗಾರರು. ವಿಶ್ವಸಂಸ್ಥೆಯ ಪರವಾಗಿ ಮಾಡಿದ ಕೆಲಸಕ್ಕೆ ಅವರು ತಗೊಂಡ ಸಂಬಳ ವರ್ಷಕ್ಕೆ ಒಂದು ಡಾಲರ್.

ದೇಶದ ಹೆಸರು ಉತ್ತರ ಮ್ಯಾಸಿಡೋನಿಯಾ. ದೇಶದ ಒಳಗೂ ಹೊರಗೂ ಅದೇ. ಗಾಡಿಗಳ ನಂಬರ್ ಫಲಕದಲ್ಲಿದ್ದ 'ಎಂಕೆ' ಹೋಗಿ 'ಎನ್‌ಎಂಕೆ' ಆಗಬೇಕು. ವೆರ್ಗಿನಾ ಸೂರ್ಯನನ್ನು ಸಾರ್ವಜನಿಕ ಜಾಗಗಳಿಂದ ತೆಗೆಯಬೇಕು. ಇದು ಗ್ರೀಸ್ ಪಡೆದದ್ದು. ಭಾಷೆಯ ಹೆಸರು ಮಾತ್ರ ಮ್ಯಾಸಿಡೋನಿಯನ್ ಅಂತಲೇ ಉಳಿಯಿತು, ಹಿಂದೆಮುಂದೆ ಯಾವ ಪದವೂ ಸೇರಲಿಲ್ಲ. ವಿಶೇಷ ಅಂದರೆ 1977ರಲ್ಲಿ ಅಥೆನ್ಸ್‌ನಲ್ಲೇ ನಡೆದ ವಿಶ್ವಸಂಸ್ಥೆಯ ಸ್ಥಳನಾಮ ಸಮ್ಮೇಳನ ಆ ಹೆಸರನ್ನು ಒಪ್ಪಿತ್ತು. ಒಪ್ಪಂದ ಅದನ್ನೇ ಎತ್ತಿ ಹಿಡಿಯಿತು.

ನನಗೆ ಬಹಳ ಇಷ್ಟವಾದದ್ದು ಏಳನೇ ವಿಧಿ. ಮ್ಯಾಸಿಡೋನಿಯಾ ಅಂದಾಗ ನಮ್ಮಿಬ್ಬರ ಮನಸ್ಸಿನಲ್ಲಿ ಬರೋದು ಬೇರೆ ಬೇರೆ ಅಂತ ಇಬ್ಬರೂ ಅಲ್ಲಿ ಒಪ್ಪಿಕೊಂಡಿದ್ದಾರೆ. ಗ್ರೀಸಿಗೆ ಅದು ತನ್ನ ಉತ್ತರ ಭಾಗ, ಅಲ್ಲಿನ ಜನ, ಪ್ರಾಚೀನ ಕಾಲದಿಂದ ಬಂದ ಗ್ರೀಕ್ ನಾಗರಿಕತೆ. ಇವರಿಗೆ ತಮ್ಮ ನೆಲ, ತಮ್ಮ ಜನ, ತಮ್ಮ ಸ್ಲಾವ್ ಭಾಷೆ, ತಮ್ಮದೇ ಇತಿಹಾಸ. ಪ್ರಾಚೀನ ಗ್ರೀಕ್ ಪರಂಪರೆಗೂ ಇವರ ಭಾಷೆಗೂ ಸಂಬಂಧ ಇಲ್ಲ ಅಂತಲೂ ಬರೆದಿದೆ. ನೀನು ಸುಳ್ಳು ಅಂತ ಯಾರೂ ಯಾರ ಬಾಯಲ್ಲೂ ಹೇಳಿಸಲಿಲ್ಲ.

2019ರಲ್ಲಿ ಸ್ಕೋಪ್ಯೆಯ ಪ್ರತಿಮೆಗಳ ಬಳಿ ಫಲಕ ಹಾಕಿದರು. ಇವರು ಪ್ರಾಚೀನ ಗ್ರೀಕ್ ಇತಿಹಾಸಕ್ಕೆ ಸೇರಿದವರು ಅಂತ. ಕುದುರೆ ಸವಾರನನ್ನು ಕೆಡವಲಿಲ್ಲ. ವಿಮಾನ ನಿಲ್ದಾಣಕ್ಕೆ ಊರಿನ ಹೆಸರು ಬಂತು. ಹೆದ್ದಾರಿಗೆ 'ಸ್ನೇಹ' ಅಂತ ಹೆಸರಿಟ್ಟರು.

ಕಾಫಿಗಿಡ (ಕೊಪ್ಪ)

ನೀವು ತುಂಬಾ ಹೊಗಳುತ್ತಿದ್ದೀರಿ. ಜನ ಒಪ್ಪಿದರಾ? 2018ರ ಸೆಪ್ಟೆಂಬರ್ 30ರಂದು ಜನಮತ ಕೇಳಿದಾಗ ಮತಗಟ್ಟೆಗೆ ಬಂದವರು ಶೇ 37ರಷ್ಟು ಮಾತ್ರ. ಬಂದವರಲ್ಲಿ ಶೇ 90ಕ್ಕಿಂತ ಹೆಚ್ಚು ಜನ ಹೌದು ಅಂದರು ನಿಜ, ಆದರೆ ಉಳಿದವರು ಮನೆಯಲ್ಲೇ ಕೂತದ್ದೂ ಒಂದು ಉತ್ತರವೇ. ಪ್ರಶ್ನೆಯಲ್ಲೂ ಐರೋಪ್ಯ ಒಕ್ಕೂಟ, ನ್ಯಾಟೊ ಎರಡನ್ನೂ ಸೇರಿಸಿ ಕೇಳಿದ್ದರು. ಗ್ರೀಸಿನಲ್ಲೂ ಅಥೆನ್ಸ್, ಥೆಸಲೋನಿಕಿ ಬೀದಿಗಳು ತುಂಬಿದವು. ಅವರ ರಕ್ಷಣಾ ಮಂತ್ರಿ ರಾಜೀನಾಮೆ ಕೊಟ್ಟರು. ಸಂಸತ್ತಿನ 300ರಲ್ಲಿ 153 ಮತ ಬಿದ್ದು ಕಷ್ಟಪಟ್ಟು ಪಾಸಾಯಿತು. ಎರಡು ಕಡೆಯ ಜನರೂ ಬೇಡ ಅಂದದ್ದನ್ನು ಒಳ್ಳೆಯ ಒಪ್ಪಂದ ಅನ್ನೋದು ಹೇಗೆ?

ತುಂಗಾತೀರ (ತೀರ್ಥಹಳ್ಳಿ)

ಇಬ್ಬರಿಗೂ ನೋವಾಗಿದೆ, ಹೌದು. ಒಬ್ಬರೇ ಸೋತಿದ್ದರೆ ನನಗೂ ಅನುಮಾನ ಬರುತ್ತಿತ್ತು. ಸ್ಕೋಪ್ಯೆಯ ಸಂಸತ್ತಿನಲ್ಲಿ 120ರಲ್ಲಿ 81 ಮತ ಬಿತ್ತು. ಅದು ಮೂರನೇ ಎರಡು ಭಾಗ ದಾಟಿದ ಮತ. ಒಪ್ಪಂದ 2019ರ ಫೆಬ್ರವರಿ 12ರಿಂದ ಜಾರಿಗೆ ಬಂತು. ಮರು ವರ್ಷದ ಮಾರ್ಚ್‌ನಲ್ಲಿ ದೇಶ ನ್ಯಾಟೊ ಸೇರಿತು. ಗ್ರೀಸಿನಲ್ಲಿ ಆಮೇಲೆ ಬಂದ ಸರ್ಕಾರ ವಿರೋಧ ಪಕ್ಷದಲ್ಲಿದ್ದಾಗ ಒಪ್ಪಂದವನ್ನು ಬೈದಿತ್ತು, ಅಧಿಕಾರಕ್ಕೆ ಬಂದ ಮೇಲೆ ಮುರಿಯಲಿಲ್ಲ. ಗಡಿ ತೆರೆದಿದೆ, ವ್ಯಾಪಾರ ನಡೆಯುತ್ತಿದೆ. ಸಿಟ್ಟಿನ ಜನ ಮೆರವಣಿಗೆ ಮಾಡಿದರೇ ಹೊರತು ಯಾರೂ ಯಾರ ಮೇಲೂ ಗುಂಡು ಹಾರಿಸಲಿಲ್ಲ. ಬಾಲ್ಕನ್‌ನಲ್ಲಿ ಅದು ಸಣ್ಣ ಮಾತಲ್ಲ.

ಕೊಡಚಾದ್ರಿ (ಹೊಸನಗರ)

ಬಲ್ಗೇರಿಯಾಕ್ಕೆ ಬರೋಣ. ಈ ಕಥೆ ಗ್ರೀಸಿನದಕ್ಕಿಂತ ಆಳವಾಗಿದೆ.

ಬಲ್ಗೇರಿಯಾ 1992ರ ಜನವರಿಯಲ್ಲೇ ಈ ದೇಶಕ್ಕೆ ಮಾನ್ಯತೆ ಕೊಟ್ಟಿತು, ಎಲ್ಲರಿಗಿಂತ ಮೊದಲು. ಹೆಸರಿನ ಬಗ್ಗೆ ತಕರಾರು ಎತ್ತಲಿಲ್ಲ. ಆದರೆ ಭಾಷೆಯನ್ನು ಬೇರೆ ಭಾಷೆ ಅಂತ ಒಪ್ಪಲಿಲ್ಲ. ಅವರ ಪ್ರಕಾರ ಅದು ಬಲ್ಗೇರಿಯನ್‌ನ ಒಂದು ಉಪಭಾಷೆ, 1944–45ರಲ್ಲಿ ಟಿಟೊ ಕಾಲದಲ್ಲಿ ಲಿಪಿ, ವ್ಯಾಕರಣ ಮಾಡಿ ಬೇರೆ ಮಾಡಿದ್ದು.

ಜಗಳದ ನಡುಮಧ್ಯೆ ಇರೋದು ಗೋತ್ಸೆ ದೆಲ್ಚೆವ್. ತುರ್ಕರ ವಿರುದ್ಧ ಹೋರಾಡಿದ ಕ್ರಾಂತಿಕಾರಿ. ಹುಟ್ಟಿದ್ದು 1872ರಲ್ಲಿ, ಕುಕುಷ್ ಅನ್ನೋ ಪಟ್ಟಣದಲ್ಲಿ. ಅದು ಈಗ ಗ್ರೀಸಿನ ಕಿಲ್ಕಿಸ್. ಓದಿದ್ದು ಥೆಸಲೋನಿಕಿಯ ಬಲ್ಗೇರಿಯನ್ ಶಾಲೆಯಲ್ಲಿ. ಮೇಷ್ಟ್ರಾಗಿದ್ದು ಶ್ತಿಪ್‌ನಲ್ಲಿ, ಅದು ಈಗ ಉತ್ತರ ಮ್ಯಾಸಿಡೋನಿಯಾದಲ್ಲಿದೆ. 1903ರ ಮೇ 4ರಂದು ಬಾನಿತ್ಸಾ ಹಳ್ಳಿಯ ಹತ್ತಿರ ತುರ್ಕಿ ಸೈನಿಕರ ಗುಂಡಿಗೆ ಸತ್ತರು, ಅದೂ ಈಗಿನ ಗ್ರೀಸಿನಲ್ಲೇ. ಮೂಳೆಗಳು ಸೋಫಿಯಾಕ್ಕೆ ಹೋದವು. 1946ರಲ್ಲಿ ಅವನ್ನು ಸ್ಕೋಪ್ಯೆಗೆ ತಂದರು. ಈಗ ಸ್ವೇತಿ ಸ್ಪಾಸ್ ಚರ್ಚಿನ ಅಂಗಳದಲ್ಲಿ ಕಲ್ಲಿನ ಪೆಟ್ಟಿಗೆಯಲ್ಲಿವೆ. ಮ್ಯಾಸಿಡೋನಿಯಾದ ರಾಷ್ಟ್ರಗೀತೆಯಲ್ಲಿ ಅವರ ಹೆಸರಿದೆ. ಬಲ್ಗೇರಿಯಾದಲ್ಲಿ ಅವರ ಹೆಸರಿನ ಪಟ್ಟಣವೇ ಇದೆ.

ಬಲ್ಗೇರಿಯಾ ಹೇಳುತ್ತದೆ, ಅವರು ಬರೆದದ್ದು ಬಲ್ಗೇರಿಯನ್‌ನಲ್ಲಿ, ತಮ್ಮನ್ನು ಬಲ್ಗೇರಿಯನ್ ಅಂತ ಕರೆದುಕೊಂಡರು. ಅದರಲ್ಲಿ ಸುಳ್ಳಿಲ್ಲ. ಸ್ಕೋಪ್ಯೆ ಹೇಳುತ್ತದೆ, ಅವರು ಹೋರಾಡಿದ್ದು ಸ್ವಾಯತ್ತ ಮ್ಯಾಸಿಡೋನಿಯಾಕ್ಕಾಗಿ, ನಮ್ಮ ದೇಶದ ಕನಸು ಅಲ್ಲಿಂದ ಶುರುವಾಯಿತು. ಅದರಲ್ಲೂ ಸುಳ್ಳಿಲ್ಲ.

2017ರ ಆಗಸ್ಟ್‌ನಲ್ಲಿ ಎರಡೂ ದೇಶ ಸ್ನೇಹ ಒಪ್ಪಂದ ಮಾಡಿಕೊಂಡವು. ಇತಿಹಾಸಕಾರರ ಜಂಟಿ ಸಮಿತಿ ಕೂತಿತು. ಸಂತ ಸಿರಿಲ್, ಮೆಥೋಡಿಯಸ್, ಓಹ್ರಿದ್‌ನ ಕ್ಲೆಮೆಂಟ್, ದೊರೆ ಸಾಮುಯಿಲ್ ಇವರನ್ನು ಒಟ್ಟಿಗೆ ನೆನೆಯಬಹುದು ಅಂತ ಸಮಿತಿ ಒಪ್ಪಿತು. ದೆಲ್ಚೆವ್ ಹತ್ತಿರ ಬಂದು ಗಾಡಿ ನಿಂತಿತು. 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ಇವರು ಐರೋಪ್ಯ ಒಕ್ಕೂಟ ಸೇರುವ ಮಾತುಕತೆಗೆ ಅಡ್ಡ ಹಾಕಿತು.

ಅಡಿಕೆತೋಟ (ಸಾಗರ)

ನೋಡಿ, ಇದಕ್ಕೇ ನನಗೆ ಸಿಟ್ಟು. 2005ರಲ್ಲಿ ಅಭ್ಯರ್ಥಿ ದೇಶ ಅಂತ ಒಪ್ಪಿದರು. ಗ್ರೀಸ್ ತಡೆಯಿತು. ಹೆಸರನ್ನೇ ಬದಲಾಯಿಸಿಕೊಂಡರು. 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ತಡೆಯಿತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಬಲ್ಗೇರಿಯಾ. ಜಾಯೆವ್ ಅವರನ್ನು ನಂಬಿ ಹೌದು ಅಂತ ಮತ ಹಾಕಿದವರು ಈಗ ತಮ್ಮ ಮಕ್ಕಳಿಗೆ ಏನು ಹೇಳಬೇಕು?

ಶಾಸನಪ್ರಿಯೆ (ಶಿಕಾರಿಪುರ)

ಒಬ್ಬರೇ ವ್ಯಕ್ತಿ ಹಲವರಿಗೆ ಸೇರಬಹುದು ಅನ್ನೋದಕ್ಕೆ ಮದರ್ ತೆರೇಸಾ ಇದ್ದಾರಲ್ಲ. 1910ರಲ್ಲಿ ಸ್ಕೋಪ್ಯೆಯಲ್ಲಿ, ತುರ್ಕರ ಆಳ್ವಿಕೆಯಲ್ಲಿ ಹುಟ್ಟಿದರು. ಮನೆಮಾತು ಅಲ್ಬೇನಿಯನ್. ಸ್ಕೋಪ್ಯೆಯಲ್ಲಿ ಅವರ ಸ್ಮಾರಕ ಭವನ ಇದೆ, ತಿರಾನಾದ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ. ಬದುಕಿದ್ದು, ಪ್ರಜೆಯಾದದ್ದು, ಮಣ್ಣಾದದ್ದು ನಮ್ಮ ದೇಶದಲ್ಲಿ.

ತುಂಗಾತೀರ (ತೀರ್ಥಹಳ್ಳಿ)

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸೋದನ್ನು ಹೇಳಿಬಿಡುತ್ತೇನೆ.

ಗ್ರೀಸ್ ಕೇಳಿದ್ದು ಕಷ್ಟದ್ದು, ಆದರೆ ಕೊಡಬಹುದಾದದ್ದು. ಹೆಸರಿಗೆ ಒಂದು ದಿಕ್ಕು ಸೇರಿಸು, ಬಾವುಟದ ಚಿತ್ರ ಬದಲಾಯಿಸು, ನನ್ನ ರಾಜನನ್ನು ನನಗೆ ಬಿಡು. ಅಷ್ಟು ಕೊಟ್ಟ ಮೇಲೂ ಅಲ್ಲಿನ ಮನುಷ್ಯ ನಾನು ಮ್ಯಾಸಿಡೋನಿಯನ್, ನನ್ನ ಮಾತು ಮ್ಯಾಸಿಡೋನಿಯನ್ ಅಂತ ಹೇಳಬಹುದು. ಬಲ್ಗೇರಿಯಾ ಕೇಳುತ್ತಿರೋದು ಬೇರೆ. ನಿನ್ನ ಅಜ್ಜ ನಿನ್ನವನಲ್ಲ, ನನ್ನವನು ಅಂತ ಒಪ್ಪಿಕೋ, ನೀನು ಆಡುವ ಮಾತು ನನ್ನದು ಅಂತ ಹೇಳು ಅಂತ ಕೇಳುತ್ತಿದೆ. ಅದನ್ನು ಯಾವ ಸಂಸತ್ತೂ ಮತ ಹಾಕಿ ಕೊಡೋಕೆ ಆಗಲ್ಲ. 2020ರಲ್ಲಿ ಆ ಭಾಷೆಗೆ ಬೇರೆ ಮಾನ್ಯತೆ ಕೊಡಬೇಡಿ ಅಂತ ಬಲ್ಗೇರಿಯಾ ಒಕ್ಕೂಟದ ಉಳಿದ ದೇಶಗಳಿಗೆ ಬರೆದಾಗ ಅದು ಹದ್ದು ಮೀರಿತು ಅನ್ನೋದು ನನ್ನ ಅಭಿಪ್ರಾಯ. ತುಳು ಮಾತಾಡುವವರಿಗೆ, ಕೊಡವರಿಗೆ ಯಾರಾದರೂ ಹೀಗೆ ಹೇಳಿದರೆ ನಾವು ಸುಮ್ನೆ ಇರಬಾರದು ಅಲ್ವಾ?

ಹಾಗಂತ ಬಲ್ಗೇರಿಯಾದ ನೋವು ಸುಳ್ಳಲ್ಲ. ದೆಲ್ಚೆವ್ ಬಲ್ಗೇರಿಯನ್ ಅಂತ ಹೇಳಿಕೊಂಡದ್ದನ್ನು ಸ್ಕೋಪ್ಯೆಯ ಶಾಲಾ ಪುಸ್ತಕಗಳು ಮುಚ್ಚಿಡಬಾರದು. ಸತ್ತವರ ಮಾತನ್ನು ತಿದ್ದುವ ಹಕ್ಕು ನಮಗಿಲ್ಲ.

ಎರಡನೇ ಮಹಾಯುದ್ಧದ ವಿಷಯ ಮಾತ್ರ ಹಗುರವಾಗಿ ನೋಡುವಂಥದ್ದಲ್ಲ. 1941ರಲ್ಲಿ ಬಲ್ಗೇರಿಯಾ ಹಿಟ್ಲರ್ ಜತೆ ಸೇರಿ ಈ ಭಾಗವನ್ನು ಹಿಡಿದುಕೊಂಡಿತು. 1943ರ ಮಾರ್ಚ್‌ನಲ್ಲಿ ಸ್ಕೋಪ್ಯೆ, ಬಿತೊಲಾ, ಶ್ತಿಪ್‌ನ 7,000ಕ್ಕೂ ಹೆಚ್ಚು ಯಹೂದಿಗಳನ್ನು ಬಲ್ಗೇರಿಯನ್ ಅಧಿಕಾರಿಗಳು ಹಿಡಿದು ತಂಬಾಕು ಕಾರ್ಖಾನೆಯೊಂದರಲ್ಲಿ ಕೂಡಿಹಾಕಿದರು. ಅಲ್ಲಿಂದ ರೈಲಿನಲ್ಲಿ ಟ್ರೆಬ್ಲಿಂಕಾ ಅನ್ನೋ ನಾಜಿಗಳ ಕೊಲೆ ಶಿಬಿರಕ್ಕೆ. ಅದೇ ವರ್ಷ ಬಲ್ಗೇರಿಯಾದ ಒಳಗೆ ಪಾದ್ರಿಗಳು, ಸಂಸದರು, ಸಾಮಾನ್ಯ ಜನ ಎದ್ದು ನಿಂತರು. ತಮ್ಮ ದೇಶದ ಸುಮಾರು 48,000 ಯಹೂದಿಗಳನ್ನು ಉಳಿಸಿಕೊಂಡರು. ಎರಡೂ ನಿಜ. ಒಂದನ್ನು ಹೇಳುವವರು ಇನ್ನೊಂದನ್ನೂ ಹೇಳಬೇಕು. ಪಠ್ಯಪುಸ್ತಕದಲ್ಲಿ 'ಬಲ್ಗೇರಿಯನ್ ಫ್ಯಾಸಿಸ್ಟ್' ಅನ್ನೋ ಪದ ತೆಗೆಯಿರಿ ಅಂತ ಕೇಳುವ ಮೊದಲು ಆ ಕಾರ್ಖಾನೆಯ ಅಂಗಳದಲ್ಲಿ ನಿಂತವರನ್ನು ನೆನೆಯಬೇಕು.

ಕಾಫಿಗಿಡ (ಕೊಪ್ಪ)

ಇದಕ್ಕೆ ನನ್ನ ಒಪ್ಪಿಗೆ ಇದೆ. ಜನಮತದ ಬಗ್ಗೆ ನಾನು ಹೇಳಿದ್ದು ಹಾಗೇ ಇರಲಿ, ಅದನ್ನು ಬದಲಾಯಿಸಲ್ಲ.

ಪರೀಕ್ಷೆ ತಯಾರಿ (ಶಿವಮೊಗ್ಗ)

ತುಂಬಾ ಉಪಕಾರವಾಯಿತು. ಕೊನೆಯದಾಗಿ, ಬಲ್ಗೇರಿಯಾ ಜತೆ ಯಾವ ಷರತ್ತಿನ ಮೇಲೆ ನಿಂತಿದೆ?

ಕೊಡಚಾದ್ರಿ (ಹೊಸನಗರ)

2022ರ ಜೂನ್‌ನಲ್ಲಿ ಬಲ್ಗೇರಿಯಾದ ಸಂಸತ್ತು ಫ್ರಾನ್ಸ್ ಮುಂದಿಟ್ಟ ಸೂತ್ರಕ್ಕೆ ಒಪ್ಪಿ ತಡೆ ತೆಗೆಯಿತು. ಜುಲೈನಲ್ಲಿ ಸ್ಕೋಪ್ಯೆಯೂ ಒಪ್ಪಿತು. ಷರತ್ತು ಒಂದೇ, ಸಂವಿಧಾನದಲ್ಲಿ ಹೆಸರಿಸಿರುವ ಸಮುದಾಯಗಳ ಪಟ್ಟಿಗೆ ಬಲ್ಗೇರಿಯನ್ನರನ್ನೂ ಸೇರಿಸಬೇಕು. 2021ರ ಜನಗಣತಿಯಲ್ಲಿ ತಮ್ಮನ್ನು ಬಲ್ಗೇರಿಯನ್ ಅಂದುಕೊಂಡವರು 3,504 ಜನ. ತಿದ್ದುಪಡಿಗೆ ಸಂಸತ್ತಿನ 120ರಲ್ಲಿ 80 ಮತ ಬೇಕು. 2024ರ ಮೇ ಚುನಾವಣೆಯಲ್ಲಿ ಗೆದ್ದ ಪಕ್ಷ ಈ ಒತ್ತಾಯಕ್ಕೆ ಮಣಿಯಲ್ಲ ಅಂತಲೇ ಮತ ಕೇಳಿತ್ತು. ಹೊಸ ಅಧ್ಯಕ್ಷೆ ಗೋರ್ದಾನಾ ಸಿಲ್ಯಾನೋವ್ಸ್ಕಾ ಪ್ರಮಾಣವಚನದಲ್ಲಿ 'ಉತ್ತರ' ಬಿಟ್ಟು ಬರೀ ಮ್ಯಾಸಿಡೋನಿಯಾ ಅಂದರು. ಗ್ರೀಕ್ ರಾಯಭಾರಿ ಸಭೆಯಿಂದ ಎದ್ದು ಹೋದರು. ಇಷ್ಟು ವರ್ಷ ಇವರ ಜತೆಗೇ ಸಾಲಿನಲ್ಲಿದ್ದ ಅಲ್ಬೇನಿಯಾ 2024ರ ಅಕ್ಟೋಬರ್‌ನಲ್ಲಿ ಒಂಟಿಯಾಗಿ ಮುಂದೆ ಹೋಗಿ ಮಾತುಕತೆಯ ಮೊದಲ ಅಧ್ಯಾಯಗಳನ್ನು ತೆರೆಯಿತು.